ಮೂರು ಶಿಖರಕ್ಕೆ ಒಂದೇ ದಿನ ಯಾಕೆ?

ಸ್ಕಾಟ್ಲೆಂಡಿನ ಬೆನ್ ನೆವಿಸ್ 1345 ಮೀಟರ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್ 978 ಮೀಟರ್, ವೇಲ್ಸ್‌ನ ಸ್ನೋಡನ್ 1085 ಮೀಟರ್. ಮೂರೂ ತಂತಮ್ಮ ನಾಡಿನ ಅತಿ ಎತ್ತರದ ಬೆಟ್ಟಗಳು. ಇವನ್ನು 24 ಗಂಟೆಯೊಳಗೆ ಹತ್ತಿ ಇಳಿಯುವ ‘ತ್ರೀ ಪೀಕ್ಸ್ ಚಾಲೆಂಜ್’ ಬ್ರಿಟನ್ನಿನಲ್ಲಿ ದೇಣಿಗೆ ಕೂಡಿಸುವ ಬಲು ಜನಪ್ರಿಯ ದಾರಿ. ಬೇಸಿಗೆ ಬಂತೆಂದರೆ ಕಚೇರಿಯ ಸಹೋದ್ಯೋಗಿಗಳು, ಆಸ್ಪತ್ರೆಯ ವಾರ್ಡಿನವರು, ಬಂಧುಬಳಗದವರು ತಂಡ ಕಟ್ಟಿ, ಕ್ಯಾನ್ಸರ್ ಸಂಶೋಧನೆಗೋ ಮಕ್ಕಳ ಆರೈಕೆಗೋ ಹಣ ಎತ್ತಲು ಹೊರಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇಂಥ ಕರೆ ಹೊಸದಲ್ಲ. ಈ ಚಾರಣಕ್ಕಾಗಿ ನಡೆಯುವ ತಿಂಗಳುಗಟ್ಟಲೆಯ ತಯಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರಿರುವುದು ಆ ತಯಾರಿಯ ಮೇಲೆ ಕೂರಿಸಿರುವ ಗಡಿಯಾರದ ಬಗ್ಗೆ.

ಲೆಕ್ಕ ಹಾಕಿಯೇ ನೋಡೋಣ. ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿಕೊಟ್ಟ ಸೂತ್ರವನ್ನು ಬೆಟ್ಟ ಹತ್ತುವವರು ಇಂದಿಗೂ ಬಳಸುತ್ತಾರೆ. ಈಗ ರೂಢಿಯಲ್ಲಿರುವಂತೆ, ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ. ಮೂರು ಬೆಟ್ಟಗಳ ನಡಿಗೆ ಸುಮಾರು 37 ಕಿಲೋಮೀಟರ್, ಏರಿಕೆ ಮೂರು ಸಾವಿರ ಮೀಟರಿಗೂ ಸ್ವಲ್ಪ ಹೆಚ್ಚು. ಸೂತ್ರದ ಪ್ರಕಾರ ಹನ್ನೆರಡೂವರೆ ಗಂಟೆ. ಬೆಟ್ಟದಿಂದ ಬೆಟ್ಟಕ್ಕೆ ವ್ಯಾನಿನ ಪ್ರಯಾಣ ಸುಮಾರು 740 ಕಿಲೋಮೀಟರ್. ಅದಕ್ಕೆ ಹತ್ತು-ಹನ್ನೊಂದು ಗಂಟೆ. ಉಳಿಯುವುದು ಅರ್ಧ ಗಂಟೆ, ಬಹಳವೆಂದರೆ ಒಂದೂವರೆ ಗಂಟೆ. ಊಟ, ಶೌಚ, ಒದ್ದೆ ಕಾಲುಚೀಲ ಬದಲಿಸುವುದು, ಟ್ರಾಫಿಕ್, ಯಾರದಾದರೂ ಮಂಡಿನೋವು ಎಲ್ಲವೂ ಅದರೊಳಗೇ ಆಗಬೇಕು. ನೇಸ್ಮಿತ್ ಸೂತ್ರದಲ್ಲಿ ವಿಶ್ರಾಂತಿ ಸೇರಿಲ್ಲ, ಮಂಜು ಸೇರಿಲ್ಲ, ದಣಿವೂ ಸೇರಿಲ್ಲ. ಮೊದಲ ಸಲ ಬೆಟ್ಟಕ್ಕೆ ಬರುವವರೇ ಹೆಚ್ಚಿರುವ ತಂಡಕ್ಕೆ ಇಂಥ ಲೆಕ್ಕ ಒಪ್ಪಿಸುವುದು ನ್ಯಾಯವಲ್ಲ.

ಎತ್ತರದ ಅಂಕಿ ನಮ್ಮವರನ್ನು ದಾರಿ ತಪ್ಪಿಸುವುದುಂಟು. ಮುಳ್ಳಯ್ಯನಗಿರಿಯೇ 1930 ಮೀಟರ್ ಇರುವಾಗ 1345 ಏನು ಮಹಾ ಎನಿಸಬಹುದು. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಬೆನ್ ನೆವಿಸ್ ಹತ್ತುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಿದವರಿಗೆ ಆ ಏರಿಕೆಯ ಅಂದಾಜು ಸಿಗುತ್ತದೆ. ಹವೆಯ ಅಂದಾಜು ಮಾತ್ರ ಸಿಗುವುದಿಲ್ಲ. ಬುಡದಲ್ಲಿ ಬಿಸಿಲಿದ್ದರೂ ನೆತ್ತಿಯಲ್ಲಿ ಮೇ ತಿಂಗಳಾಚೆಗೂ ಹಿಮ ಉಳಿದಿರಬಹುದು. ಹತ್ತಿಯ ಅಂಗಿ, ಜೀನ್ಸ್ ಒದ್ದೆಯಾದರೆ ಮೈಯ ಕಾವನ್ನೇ ಹೀರಿಬಿಡುತ್ತವೆ. ಹೊಸ ಶೂ ಅಂದೇ ಮೊದಲ ಸಲ ಹಾಕಬಾರದು, ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಬೇಕು. ಇಷ್ಟನ್ನು ಎಲ್ಲ ತರಬೇತಿ ಪಟ್ಟಿಗಳೂ ಹೇಳುತ್ತವೆ.

ಅವು ಸಾಮಾನ್ಯವಾಗಿ ಹೇಳದೆ ಬಿಡುವುದು ಇಳಿಜಾರನ್ನು. ಮೆಟ್ಟಿಲು ಹತ್ತಿ ಉಸಿರು ಪಳಗಿಸಿಕೊಂಡವರೂ ಇಳಿಯುವಾಗ ಸೋಲುತ್ತಾರೆ. ಮೈಭಾರವನ್ನು ತಡೆತಡೆದು ಇಳಿಸುವಾಗ ತೊಡೆಯ ಮುಂದಿನ ಸ್ನಾಯುಗಳು ಹಿಗ್ಗುತ್ತಲೇ ದುಡಿಯಬೇಕಾಗುತ್ತದೆ. ಆ ದುಡಿಮೆಗೆ ಒಗ್ಗದ ಕಾಲು ಬಲುಬೇಗ ನಡುಗತೊಡಗುತ್ತದೆ. ಈ ಸವಾಲಿನಲ್ಲಾದರೋ ಬೆನ್ ನೆವಿಸ್ ಇಳಿದ ಕಾಲುಗಳು ಐದಾರು ಗಂಟೆ ವ್ಯಾನಿನಲ್ಲಿ ಮಡಚಿ ಕೂತು, ಬಿಗಿದುಕೊಂಡು, ನಸುಕಿನಲ್ಲಿ ಸ್ಕಾಫೆಲ್ ಪೈಕ್‌ನ ಕಲ್ಲುಗಳ ಮೇಲೆ ನಿಲ್ಲಬೇಕು. ಹಾಗಾಗಿ ತರಬೇತಿಯಲ್ಲಿ ಬೆಟ್ಟ ಇಳಿದು, ಕೆಲವು ಗಂಟೆ ಕೂತು, ಮತ್ತೆ ಬೆಟ್ಟ ಹತ್ತುವ ದಿನಗಳಿರಬೇಕು. ಜಿಮ್ಮಿನ ಟ್ರೆಡ್‌ಮಿಲ್ ಇದನ್ನು ಕಲಿಸುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಎಂದರೆ, ಒಬ್ಬೊಬ್ಬರೂ ತಯಾರಾಗುತ್ತಾರೆ, ತಂಡ ತಯಾರಾಗುವುದಿಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗ ಎಂಬುದು ಬೆಟ್ಟದ ಮೊದಲ ಪಾಠ. ಗಡಿಯಾರ ಅದನ್ನೇ ಅಳಿಸಿಹಾಕುತ್ತದೆ. ಚುರುಕಿನವರು ಮುಂದೆ ಹೋಗುತ್ತಾರೆ. ನಕ್ಷೆ, ದಿಕ್ಸೂಚಿ ಅವರ ಚೀಲದಲ್ಲೇ ಇರುತ್ತವೆ. ಹಿಂದುಳಿದವರ ಕೈಯಲ್ಲಿ ಬ್ಯಾಟರಿ ತೀರುತ್ತಿರುವ ಮೊಬೈಲ್. ಬೆನ್ ನೆವಿಸ್ ನೆತ್ತಿಗೆ ಮೋಡ ಕವಿದರೆ ಸುರಕ್ಷಿತವಾಗಿ ಇಳಿಯುವ ದಾರಿಗೆ ಖಚಿತ ದಿಕ್ಕುಗಳಿವೆ: 231 ಡಿಗ್ರಿ ಹಿಡಿದು 150 ಮೀಟರ್, ಅಲ್ಲಿಂದ 282 ಡಿಗ್ರಿ. ತಪ್ಪಿದರೆ ಒಂದು ಪಕ್ಕ ಉತ್ತರದ ಪ್ರಪಾತ, ಇನ್ನೊಂದು ಪಕ್ಕ ಫೈವ್ ಫಿಂಗರ್ ಗಲ್ಲಿಯ ಕೊರಕಲು. ಸ್ಕಾಫೆಲ್ ಪೈಕ್‌ನಲ್ಲಿ ದಾರಿ ತಪ್ಪಿದವರು ಪಿಯರ್ಸ್ ಗಿಲ್ ಎಂಬ ಆಳ ಕಮರಿಗೆ ಇಳಿದು ಸಿಕ್ಕಿಬೀಳುತ್ತಾರೆ. ಸ್ನೋಡನ್‌ನ ಪಿಗ್ ಟ್ರ್ಯಾಕ್‌ನಲ್ಲಿ ಕವಲು ಗಮನಿಸದವರು ಕತ್ತಿಯಂಚಿನ ಕ್ರಿಬ್ ಗೋಚ್ ಏಣಿನ ಮೇಲೆ ಹೋಗಿ ನಿಲ್ಲುತ್ತಾರೆ. ಆ ಹೊತ್ತಿಗೆ ತಂಡ ನಿದ್ದೆಗೆಟ್ಟು ಎಷ್ಟು ಹೊತ್ತಾಗಿರುತ್ತದೆ!

ಆದ್ದರಿಂದ ತಂಡವೊಂದರ ತಯಾರಿಯನ್ನು ನಾನು ಅಳೆಯುವುದು ಅವರ ತರಬೇತಿ ನಡಿಗೆಯ ಕಿಲೋಮೀಟರುಗಳಿಂದಲ್ಲ. ಹಿಂದಿರುಗುವ ಹೊತ್ತನ್ನು ಮೊದಲೇ ಬರೆದಿಟ್ಟಿದ್ದಾರೆಯೇ? ಹಿಂದಿರುಗಿ ಎನ್ನುವ ಅಧಿಕಾರ ಯಾರಿಗೆ ಕೊಟ್ಟಿದ್ದಾರೆ, ಅವರಿಗೆ ಮೌಂಟನ್ ಲೀಡರ್ ಅರ್ಹತೆ ಇದೆಯೇ? ಬೆಟ್ಟ ಹತ್ತದೆ, ನಿದ್ದೆ ಮಾಡಿರುವ ಇಬ್ಬರು ಚಾಲಕರಿದ್ದಾರೆಯೇ? ಇಡೀ ಸಾಹಸದಲ್ಲಿ ರಸ್ತೆಯ ಅಪಾಯ ಬೆಟ್ಟದ್ದಕ್ಕಿಂತ ಕಡಿಮೆಯದೇನಲ್ಲ.

ಇನ್ನು ದೇಣಿಗೆ. ಮೂರನೆಯ ಶಿಖರ ಮುಟ್ಟದಿದ್ದರೆ ಹಣ ಕೊಟ್ಟವರಿಗೆ ಏನು ಹೇಳುವುದು ಎಂಬ ಅಳುಕು ಎಷ್ಟೋ ತಪ್ಪು ಹೆಜ್ಜೆಗಳನ್ನು ಇಡಿಸುತ್ತದೆ. ಕೊಡುವವರು ಕೊಡುವುದು ರೋಗಿಗೆ, ಶಿಖರಕ್ಕಲ್ಲ ಎಂದು ಮೊದಲ ಪತ್ರದಲ್ಲೇ ಬರೆದುಬಿಟ್ಟರೆ ತಂಡದ ಹೆಗಲು ಹಗುರಾಗುತ್ತದೆ. ವ್ಯಾನು, ಇಂಧನ, ವಸತಿಯ ಖರ್ಚು ನಮ್ಮ ಕಿಸೆಯದು ಎಂದೂ ಅಲ್ಲೇ ಬರೆಯಬೇಕು. ಆ ಕಣಿವೆಗಳ ಋಣವೂ ಇದೆ. ಸ್ಕಾಫೆಲ್ ಪೈಕ್ ನೆತ್ತಿಯನ್ನು 1919ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟದ್ದು ಮೊದಲ ಮಹಾಯುದ್ಧದಲ್ಲಿ ಮಡಿದ ಅಲ್ಲಿನ ಹುಡುಗರ ನೆನಪಿಗೆ. ಅದರ ಬುಡದ ವಾಸ್ಡೇಲ್ ಹೆಡ್ ನಾಲ್ಕಾರು ಮನೆಗಳ ಹಳ್ಳಿ, ಅಗಲ ಕಿರಿದಾದ ರಸ್ತೆ. ಜೂನ್ ತಿಂಗಳ ವಾರಾಂತ್ಯದ ನಡುರಾತ್ರಿಯಲ್ಲಿ ಅಲ್ಲಿ ಸಾಲುಸಾಲು ವ್ಯಾನುಗಳ ಬಾಗಿಲು ಬಡಿಯುತ್ತವೆ. ದಾರಿ ತಪ್ಪಿದವರನ್ನು ಹುಡುಕಿ ತರುವ ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಕೆಲಸ ನಡೆಯುವುದೂ ದೇಣಿಗೆಯಿಂದಲೇ. ಒಂದು ಒಳ್ಳೆಯ ಕೆಲಸಕ್ಕೆ ಹಣ ಎತ್ತುವವರು ಇನ್ನೊಂದು ಒಳ್ಳೆಯ ಕೆಲಸದವರ ನಿದ್ದೆ ಕೆಡಿಸುವುದಾದರೆ, ಕೂಡಿದ ಹಣದಲ್ಲಿ ಅವರಿಗೂ ಒಂದು ಪಾಲು ಇಡುವುದು ಕರ್ತವ್ಯ.

ಮೂರೂ ಬೆಟ್ಟಗಳನ್ನು ಮೂರು ದಿನದಲ್ಲಿ ಹತ್ತಲಿ ಎಂಬುದು ನನ್ನ ಮೊದಲ ಸಲಹೆ. ಒಂದೇ ದಿನ ಬೇಕೇಬೇಕು ಎನ್ನುವವರಿಗೆ ಯಾರ್ಕ್‌ಷೈರ್‌ನ ಮೂರು ಶಿಖರಗಳಿವೆ: ಪೆನ್-ಇ-ಗೆಂಟ್, ವರ್ನ್‌ಸೈಡ್, ಇಂಗಲ್‌ಬರೋ. ಯಾವುದೂ 750 ಮೀಟರ್ ಮುಟ್ಟುವುದಿಲ್ಲ, ಆದರೂ 38 ಕಿಲೋಮೀಟರಿಗೂ ಮೀರಿದ ಸುತ್ತನ್ನು 12 ಗಂಟೆಯಲ್ಲಿ ಮುಗಿಸಲು ಗಟ್ಟಿ ಕಾಲೇ ಬೇಕು. 1887ರಲ್ಲಿ ಗಿಗಲ್ಸ್‌ವಿಕ್ ಶಾಲೆಯ ಇಬ್ಬರು ಮೇಷ್ಟ್ರುಗಳು ನಡೆದು ತೋರಿಸಿದ ದಾರಿ ಅದು. ಬೆಟ್ಟಗಳ ನಡುವೆ ವ್ಯಾನಿನ ಮಾತೇ ಇಲ್ಲ, ನಿದ್ದೆಗೆಟ್ಟ ಚಾಲಕರಿಲ್ಲ. ಹಾರ್ಟನ್ ಹಳ್ಳಿಯಿಂದ ಹೊರಟು ಮೊದಲ ಬೆಟ್ಟ ಇಳಿದ ಮೇಲೆ ರಿಬಲ್‌ಹೆಡ್ ಬರುತ್ತದೆ. ಅಲ್ಲೊಂದು ರೈಲು ನಿಲ್ದಾಣವಿದೆ. ಮುಂದೆ ನಡೆಯಲಾಗದವರು, ಸಮಯ ನೋಡಿಕೊಂಡಿದ್ದರೆ, ಅಲ್ಲೇ ರೈಲು ಹತ್ತಿ ಮುಂದಿನ ನಿಲ್ದಾಣವಾದ ಹಾರ್ಟನ್‌ನಲ್ಲಿ ಇಳಿಯಬಹುದು.