ಕತ್ತರಿ ಬಿದ್ದ ಜಾಗ

ಬ್ರಿಟನ್ನಿನ ಪಂಕ್ ತಂಡ 'ದ ಕ್ಲ್ಯಾಶ್' ತನ್ನ ದೇಶದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡದ್ದು ಒಂದೇ ಸಲ, ಅದೂ 1991ರಲ್ಲಿ. ಅಷ್ಟು ಹೊತ್ತಿಗೆ ತಂಡ ಒಡೆದು ಐದು ವರ್ಷವಾಗಿತ್ತು. 'ಶುಡ್ ಐ ಸ್ಟೇ ಆರ್ ಶುಡ್ ಐ ಗೋ' 1982ರಲ್ಲಿ ಬಂದಾಗ 17ರವರೆಗೆ ಏರಿ ಇಳಿದುಹೋಗಿದ್ದ ಹಾಡು. ಅದನ್ನು ಮತ್ತೆ ಎಬ್ಬಿಸಿದ್ದು ಲೆವೈಸ್ ಜೀನ್ಸಿನ ಟಿ.ವಿ. ಜಾಹೀರಾತು. ದೊಡ್ಡ ದುಡ್ಡಿನವರನ್ನು ಬೈದುಕೊಂಡೇ ಬೆಳೆದ ತಂಡಕ್ಕೆ ಪ್ಯಾಂಟಿನ ಕಂಪನಿ ಕಿರೀಟ ತೊಡಿಸಿತಲ್ಲ ಎಂದು ಗೇಲಿ ಮಾಡುವುದು ಸುಲಭ. ಆದರೆ ಇಂಥ ಜಾಹೀರಾತುಗಳನ್ನು ಅಳೆಯಲು ಆ ಗೇಲಿ ಸಾಲದು.

ಲೆವೈಸ್ ಬ್ರಿಟನ್ನಿನಲ್ಲಿ ಈ ದಾರಿ ಹಿಡಿದದ್ದು 1985ರಲ್ಲಿ. ಲಾಂಡ್ರಿಗೆ ಬಂದ ನಿಕ್ ಕೇಮೆನ್ ಎಂಬ ಯುವಕ ಎಲ್ಲರೆದುರು ಜೀನ್ಸ್ ಕಳಚಿ ಮೆಷಿನ್ನಿಗೆ ಹಾಕಿ, ಚಡ್ಡಿಯಲ್ಲೇ ನಿರಾಳವಾಗಿ ಕೂರುತ್ತಾನೆ. ಹಿನ್ನೆಲೆಯಲ್ಲಿ ಮಾರ್ವಿನ್ ಗೇ 1968ರಲ್ಲಿ ಮನೆಮಾತಾಗಿಸಿದ ಹಾಡು. ಮುಂದೆ 1987ರಲ್ಲಿ ಬೆನ್ ಇ. ಕಿಂಗ್‌ನ 'ಸ್ಟ್ಯಾಂಡ್ ಬೈ ಮಿ', 1990ರಲ್ಲಿ ಸ್ಟೀವ್ ಮಿಲ್ಲರ್ ಬ್ಯಾಂಡಿನ 'ದ ಜೋಕರ್' ಹೀಗೇ ಅಲ್ಲಿ ಮೊದಲ ಸ್ಥಾನಕ್ಕೆ ಹೋದವು. ಮೊದಲನೆಯದು 1961ರದು, ಇನ್ನೊಂದು 1973ರದು. ಜೀನ್ಸ್ ಕೊಳ್ಳುವ ಹದಿನೆಂಟರ ಹುಡುಗನಿಗೆ 1961ರ ನೆನಪು ಎಲ್ಲಿಂದ ಬರಬೇಕು? ಅಪ್ಪನ ಹಳಹಳಿಕೆಯನ್ನು ಮಗನಿಗೆ ಮಾರಿದ್ದು ಲೆವೈಸಿನ ಜಾಣತನ.

ರಾಕ್ ಈ ಕೆಲಸಕ್ಕೆ ಒಗ್ಗಿದ್ದಕ್ಕೆ ಕಾರಣ ಅದರ ರಿಫ್. ಗಿಟಾರಿನ ಎರಡು ಮೂರು ಪೆಟ್ಟಿಗೇ ಕಿವಿ ಹಾಡಿನ ಗುರುತು ಹಿಡಿಯುತ್ತದೆ. ರಿಮೋಟಿನ ಕಡೆ ಹೊರಟ ಕೈ ಅಲ್ಲೇ ನಿಲ್ಲುತ್ತದೆ. ಜಾಹೀರಾತಿನವರಿಗೆ ಬೇಕಾದದ್ದು ಆ ಗುರುತು ಮಾತ್ರ. ಮಾತು ಬಂದರೆ ಅರ್ಥವೂ ಬರುತ್ತದೆ, ಅರ್ಥ ಬಂದರೆ ತೊಂದರೆ. ಆದ್ದರಿಂದ ಹಾಡಿಗೆ ಕತ್ತರಿ ಎಲ್ಲಿ ಬಿತ್ತು ಎಂಬುದನ್ನೇ ನಾನು ಮೊದಲು ನೋಡುವುದು.

1987ರಲ್ಲಿ ನೈಕಿ ತನ್ನ ಶೂಗಳಿಗೆ ಬೀಟಲ್ಸ್‌ನ 'ರೆವಲ್ಯೂಷನ್' ಹಾಕಿಕೊಂಡಾಗ ಎದ್ದ ಗಲಾಟೆ ಬೇರೆ ಥರದ್ದು. ಕಪ್ಪು-ಬಿಳುಪಿನ ಒರಟು ಚಿತ್ರಗಳು, ನಡುವೆ ಮೈಕೆಲ್ ಜೋರ್ಡನ್, ಜಾನ್ ಮೆಕೆನ್ರೊ. ಬೀಟಲ್ಸ್‌ನ ಆ್ಯಪಲ್ ಕಂಪನಿ ಒಂದೂವರೆ ಕೋಟಿ ಡಾಲರಿನ ದಾವೆ ಹೂಡಿತು, 1989ರಲ್ಲಿ ರಾಜಿಯಾಯಿತು. ಬೀಟಲ್ಸ್ ಹಾಡುಗಳ ಪ್ರಕಾಶನದ ಹಕ್ಕು 1985ರಿಂದ ಮೈಕೆಲ್ ಜಾಕ್ಸನ್ ಕೈಯಲ್ಲಿತ್ತು. ಪವಿತ್ರ ಹಾಡನ್ನು ಅಂಗಡಿಗೆ ತಂದರು ಎಂದು ಅಭಿಮಾನಿಗಳು ಕೊರಗಿದರು. ನನಗೆ ಈ ಪಾವಿತ್ರ್ಯದ ಮಾತು ಹಿಡಿಸುವುದಿಲ್ಲ. ಆ ಹಾಡು ಹುಟ್ಟಿದ್ದೇ ಅಂಗಡಿಯಲ್ಲಿ ಮಾರುವ ಪ್ಲೇಟಿಗಾಗಿ. ಕೆಡುಕು ಇನ್ನೆಲ್ಲೋ ಇದೆ. ಕ್ರಾಂತಿಯೆಂದು ಕೂಗುವವರ ಬಗ್ಗೆ ಬೀಟಲ್ಸ್‌ನ ಜಾನ್ ಲೆನನ್ 1968ರಲ್ಲಿ ತೋಡಿಕೊಂಡ ಅನುಮಾನವೇ ಆ ಹಾಡಿನ ತಿರುಳು. ನೈಕಿ ಅದರಿಂದ ಕೂಗನ್ನು ಇಟ್ಟುಕೊಂಡು ಅನುಮಾನವನ್ನು ಬಿಟ್ಟಿತು.

ಅದಕ್ಕಿಂತ ಅಪ್ಪಟ ಕತ್ತರಿಯ ಕೆಲಸ ರ‍್ಯಾಂಗ್ಲರ್ ಜೀನ್ಸಿನದು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಜಾನ್ ಫೋಗರ್ಟಿ 1969ರಲ್ಲಿ ಬರೆದ 'ಫಾರ್ಚುನೇಟ್ ಸನ್' ವಿಯೆಟ್ನಾಂ ಯುದ್ಧದ ಕಾಲದ ಸಿಟ್ಟಿನ ಹಾಡು. ದೊಡ್ಡವರ ಮಕ್ಕಳು ಮನೆಯಲ್ಲಿ, ಬಡವರ ಮಕ್ಕಳು ರಣರಂಗದಲ್ಲಿ ಎಂಬುದು ಅದರ ಆಕ್ಷೇಪ. ಫೋಗರ್ಟಿ ಸ್ವತಃ ಸೇನೆಯ ಮೀಸಲು ಪಡೆಯಲ್ಲಿ ಇದ್ದು ಬಂದವನು. ಹಾಡಿನ ಶುರುವಿನಲ್ಲಿ ಬಾವುಟ ಬೀಸುವವರ ಪ್ರಸ್ತಾಪವಿದೆ. ಮರುಕ್ಷಣವೇ ಅದೇ ಜನ ನಿಮ್ಮ ಕಡೆಗೆ ತೋಪು ತಿರುಗಿಸುತ್ತಾರೆ ಎಂಬ ಮಾತು ಬರುತ್ತದೆ. 2000ದ ದಶಕದ ಆರಂಭದ ಆ ಜಾಹೀರಾತು ಬಾವುಟದ ಸಾಲು ಕೇಳಿಸಿ, ತೋಪು ಬರುವ ಮೊದಲೇ ನಿಲ್ಲಿಸಿತು. ಬೈಗುಳ ದೇಶಭಕ್ತಿಯಾಯಿತು! ಹಾಡಿನ ಹಕ್ಕನ್ನು ಬಹಳ ಹಿಂದೆಯೇ ರೆಕಾರ್ಡ್ ಕಂಪನಿಗೆ ಬರೆದುಕೊಟ್ಟಿದ್ದ ಫೋಗರ್ಟಿ ಸಿಟ್ಟಾಗುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಆ ಹಕ್ಕಿನ ಬಹುಪಾಲು ಅವನಿಗೆ ಮರಳಿದ್ದು 2023ರಲ್ಲಿ, ಅವನ 77ನೇ ವಯಸ್ಸಿನಲ್ಲಿ.

ಇಗ್ಗಿ ಪಾಪ್‌ನ 'ಲಸ್ಟ್ ಫಾರ್ ಲೈಫ್' ಹಡಗಿನ ವಿಹಾರದ ಜಾಹೀರಾತಾದದ್ದೂ ಇದೇ ಬಗೆಯಲ್ಲಿ. ಮಾದಕ ವಸ್ತುಗಳ ಚಟದ ನೆರಳಿರುವ ಹಾಡು ಸಂಸಾರವಂದಿಗರ ರಜೆಯ ಹಾಡಾಯಿತು.

ಹಾಗಾದರೆ ಒಳ್ಳೆಯದು ಇಲ್ಲವೆ? ಇದೆ. ಫೋಕ್ಸ್‌ವ್ಯಾಗನ್ ಕ್ಯಾಬ್ರಿಯೊ ಕಾರಿಗೆಂದು 1999ರಲ್ಲಿ ತೆಗೆದ ಜಾಹೀರಾತಿನಲ್ಲಿ ನಿಕ್ ಡ್ರೇಕ್‌ನ 'ಪಿಂಕ್ ಮೂನ್' ಇದೆ. ಅದು ರಾಕ್ ಅಲ್ಲ, ಹಿಟ್ ಅಂತೂ ಅಲ್ಲವೇ ಅಲ್ಲ: 1972ರ ಆ ಆಲ್ಬಮ್ಮಿಗೆ ಕೇಳುಗರೇ ಸಿಕ್ಕಿರಲಿಲ್ಲ, ಎರಡು ವರ್ಷದಲ್ಲಿ 26ರ ಡ್ರೇಕ್ ತೀರಿಕೊಂಡ. ಜಾಹೀರಾತಿನಲ್ಲಿ ನಾಲ್ವರು ಗೆಳೆಯರು ಬೆಳದಿಂಗಳಲ್ಲಿ ಛಾವಣಿ ತೆರೆದ ಕಾರಿನಲ್ಲಿ ಹೋಗುತ್ತಾರೆ. ಪಾರ್ಟಿಯ ಮನೆ ತಲುಪುತ್ತಾರೆ, ಒಳಗಿನ ಗದ್ದಲ ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರು ಹಿಂದಕ್ಕೆ ತಿರುಗಿಸಿ ಮತ್ತೆ ರಸ್ತೆಗಿಳಿಯುತ್ತಾರೆ. ಹಾಡಿನ ಮೇಲೆ ಯಾರೂ ಮಾತಾಡುವುದಿಲ್ಲ. ಆ ಒಂದು ಗಿಟಾರು, ಒಂದು ದನಿ, ನಡುವೆ ಬರುವ ಪಿಯಾನೊಗೆ ಉಸಿರಾಡಲು ಜಾಗ ಸಿಕ್ಕಿದೆ. ಜನ ಹುಡುಕಿಕೊಂಡು ಹೋಗಿ ಆ ಆಲ್ಬಮ್ ಕೊಂಡರು.

ಹಾಡು ಕೊಡಲು ಒಪ್ಪದವರೂ ಉಂಟು. ಕ್ಯಾಡಿಲಾಕ್ ಕಂಪನಿ 'ದ ಡೋರ್ಸ್' ತಂಡದ 'ಬ್ರೇಕ್ ಆನ್ ಥ್ರೂ' ಹಾಡಿಗೆ ಒಂದೂವರೆ ಕೋಟಿ ಡಾಲರ್ ಕೊಡಲು ಬಂದಾಗ ಡ್ರಮ್ಮರ್ ಜಾನ್ ಡೆನ್ಸ್‌ಮೋರ್ ಒಪ್ಪಲಿಲ್ಲ. ಆ ತಂಡದಲ್ಲಿ ಒಬ್ಬ ಬೇಡವೆಂದರೂ ಕೆಲಸ ಆಗದು. 1968ರಲ್ಲಿ ಗಾಯಕ ಜಿಮ್ ಮಾರಿಸನ್ ಊರಲ್ಲಿಲ್ಲದಾಗ ಉಳಿದ ಮೂವರು ಬ್ಯೂಕ್ ಕಾರಿಗೆ 'ಲೈಟ್ ಮೈ ಫೈರ್' ಕೊಡಲು ಹೊರಟಿದ್ದರು, ಮಾರಿಸನ್ ಕೆಂಡವಾಗಿದ್ದ. ಡೆನ್ಸ್‌ಮೋರ್ ಅದನ್ನು ಮರೆತಿರಲಿಲ್ಲ. ಅವನ ನಿಷ್ಠೆ ದೊಡ್ಡದು, ಗೌರವವಿದೆ. ಆದರೆ ಕ್ಯಾಡಿಲಾಕ್ 2002ರಲ್ಲಿ ಲೆಡ್ ಜೆಪ್ಲಿನ್‌ನ 'ರಾಕ್ ಆ್ಯಂಡ್ ರೋಲ್' ಹಾಕಿಕೊಂಡದ್ದನ್ನು ನಾನು ತಪ್ಪೆನ್ನಲಾರೆ. 1971ರ ಆ ಹಾಡೇ ಕಳೆದುಹೋದ ಹಳೆಯ ದಿನಗಳಿಗೆ ಹಂಬಲಿಸುತ್ತದೆ. ಅಂದು ಅದಕ್ಕೆ ಕುಣಿದ ಹುಡುಗರು ಈಗ ತಲೆ ನರೆತು, ಅಂಥ ಕಾರು ಕೊಳ್ಳುವ ಅಂತಸ್ತಿಗೆ ಬಂದಿದ್ದರು. ಎಲ್ಲಿ ಕತ್ತರಿಸಿದರೂ ಹಾಡಿನ ಮಾತು ತಿರುಚಿಹೋಗುವಂತಿರಲಿಲ್ಲ. ಇವಿಷ್ಟರಲ್ಲಿ ಅತ್ಯಂತ ಹಸಿ ವ್ಯಾಪಾರವೆಂದರೆ ಕ್ಯಾಡಿಲಾಕಿನದೇ, ಆದರೂ ಹಾಡಿಗೆ ಸುಳ್ಳು ಹೇಳಿಸಿದ್ದು ರ‍್ಯಾಂಗ್ಲರ್.