ಅಡ್ಜಸ್ಟ್: ಸರಿಯಬೇಕಾದವರು ಯಾರು?

ಥಾಣೆಯಿಂದ ವಾಶಿಯ ಕಡೆಗೆ ಹೊರಟ ಲೋಕಲ್ ಐರೋಳಿ ದಾಟಿ ರಬಾಳೆ ಮುಟ್ಟುವಷ್ಟರಲ್ಲಿ ಒಂದು ಇಂಗ್ಲಿಷ್ ಪದ ಡಬ್ಬಿಯ ಎಷ್ಟೋ ಬಾಯಿಗಳಲ್ಲಿ ಬಂದು ಹೋಗಿರುತ್ತದೆ. ಮೂವರಿಗೆಂದು ಮಾಡಿದ ಬೆಂಚಿನ ತುದಿಗೆ ನಾಲ್ಕನೆಯವರು ಬಂದು ನಿಲ್ಲುತ್ತಾರೆ. ಮುಂಬೈಯಲ್ಲಿ ಆ ಜಾಗಕ್ಕೆ ‘ಫೋರ್ತ್ ಸೀಟ್’ ಎಂದೇ ಹೆಸರು. ‘ಥೋಡಾ ಅಡ್ಜಸ್ಟ್ ಕರೋ’ ಎಂದರೆ ಹಿಂದಿಯಾಯಿತು, ‘ಜರಾ ಅಡ್ಜಸ್ಟ್ ಕರಾ’ ಎಂದರೆ ಮರಾಠಿಯಾಯಿತು, ‘ಸ್ವಲ್ಪ ಅಡ್ಜಸ್ಟ್ ಮಾಡ್ರಿ’ ಎಂದರೆ ಕನ್ನಡವೂ ಆಯಿತು. 2004ರ ನವೆಂಬರಿನಲ್ಲಿ ಈ ಟ್ರಾನ್ಸ್ ಹಾರ್ಬರ್ ಮಾರ್ಗ ತೆರೆದ ಮೇಲೆ ಡೊಂಬಿವಲಿ, ಕಲ್ಯಾಣಗಳಿಂದ ಬಂದು ಥಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಯ ಎಂಐಡಿಸಿ ಕಾರ್ಖಾನೆಗಳಿಗೂ ಐರೋಳಿಯ ಕಚೇರಿಗಳಿಗೂ ಹೋಗುವವರಲ್ಲಿ ಕಲಬುರಗಿ, ವಿಜಯಪುರದವರಿದ್ದಾರೆ, ಉಡುಪಿ, ಮಂಗಳೂರಿನವರಿದ್ದಾರೆ. ಅವರ ಕನ್ನಡದಲ್ಲಿ ‘ಅಡ್ಜಸ್ಟ್’ ಈಗ ಅತಿಥಿಯಲ್ಲ, ಮನೆಯ ಮಂದಿ.

ಮನೆಗೆ ಬಂದ ಪದವನ್ನು ಇಂಗ್ಲಿಷಿನದು ಎಂಬ ಒಂದೇ ಕಾರಣಕ್ಕೆ ಹೊರದಬ್ಬುವುದು ವಿಮರ್ಶೆಯಲ್ಲ. ಅದು ಏನು ಕೆಲಸ ಮಾಡುತ್ತಿದೆ, ಯಾವ ಪದಗಳ ಕೆಲಸವನ್ನು ಕಿತ್ತುಕೊಂಡಿದೆ ಎಂಬುದನ್ನು ನೋಡಬೇಕು.

ಮೊದಲು ಅದರ ಗುಣ. ‘ಸರಿಯಿರಿ’ ಎಂದರೆ ಅಪ್ಪಣೆಯಂತೆ ಕೇಳಬಹುದು; ‘ಅಡ್ಜಸ್ಟ್ ಮಾಡಿ’ ಎಂದರೆ ಕೋರಿಕೆಯಂತೆ ಕೇಳುತ್ತದೆ. ಭಾಷೆ ಗೊತ್ತಿಲ್ಲದ ಸಹಪ್ರಯಾಣಿಕನಿಗೂ ತಿಳಿಯುತ್ತದೆ. ಇಬ್ಬರಿಗೂ ತುಸು ತೊಂದರೆಯಾಗುತ್ತದೆ, ಇಬ್ಬರೂ ಸಹಿಸೋಣ ಎಂಬ ಒಪ್ಪಂದ ಅದರೊಳಗಿದೆ. ಇದು ಇಂಗ್ಲೆಂಡಿನ ಬಳಕೆಯಲ್ಲ. ಅಲ್ಲಿನ ಮಾತಿನಲ್ಲಿ ಕುರ್ಚಿಯನ್ನೋ ಕನ್ನಡಕವನ್ನೋ ಅಡ್ಜಸ್ಟ್ ಮಾಡಬೇಕು, ಇಲ್ಲವೇ ಹೊಸ ಊರಿಗೆ ಅಡ್ಜಸ್ಟ್ ಆಗಬೇಕು. ಕರ್ಮಪದವೇ ಇಲ್ಲದೆ, ಪಕ್ಕದವರಿಗೆ ‘ಪ್ಲೀಸ್ ಅಡ್ಜಸ್ಟ್’ ಎಂದು ಜಾಗ ಕೇಳುವುದು ಭಾರತದ ಬಸ್ಸು, ರೈಲುಗಳಲ್ಲಿ ಬೆಳೆದ ಪ್ರಯೋಗ. ಪದದ ಬೇರು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿಗೆ ಹೋಗುತ್ತದೆ. ಅಲ್ಲಿ ಅದರ ಅರ್ಥ ಹತ್ತಿರಕ್ಕೆ ತರುವುದು ಎಂದು. ರೈಲಿನ ಬೆಂಚು ತನಗೆ ಗೊತ್ತಿಲ್ಲದೆಯೇ ಆ ಹಳೆಯ ಅರ್ಥವನ್ನು ಕಾಪಾಡಿದೆ.

ಇನ್ನು ಕನ್ನಡದ ಸಮಾನಾರ್ಥಕಗಳು. ಇಂಗ್ಲಿಷ್‌–ಕನ್ನಡ ಕೋಶ ತೆರೆದವರಿಗೆ ಇಂಥ ಪದಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ಸಾಲು: ಹೊಂದಿಸು, ಸರಿಪಡಿಸು, ಹೊಂದಿಕೊಳ್ಳು. ಯಾವುದೂ ತಪ್ಪಲ್ಲ. ಆದರೆ ಅಲ್ಪವಿರಾಮಗಳ ನಡುವೆ ನಿಂತ ಆ ಪದಗಳು ಒಂದರ ಬದಲು ಇನ್ನೊಂದು ಬರಬಹುದೆಂಬ ಭ್ರಮೆ ಹುಟ್ಟಿಸುತ್ತವೆ. ‘ಹೊಂದಿಸು’ ಎಂದರೆ ಇನ್ನೊಂದನ್ನು ಬದಲಿಸುವುದು. ‘ಹೊಂದಿಕೊಳ್ಳು’ ಎಂದರೆ ತಾನೇ ಬದಲಾಗುವುದು. ಮಗಳ ಫೀಸಿಗೆ ದುಡ್ಡು ಹೊಂದಿಸುವ ತಂದೆಯೂ ಅತ್ತೆಯ ಮನೆಗೆ ಹೊಂದಿಕೊಳ್ಳುವ ಸೊಸೆಯೂ ಮಾಡುವ ಕೆಲಸಗಳು ಒಂದೇ ಅಲ್ಲ. ‘ಇಸು’ ಮತ್ತು ‘ಕೊಳ್ಳು’ಗಳ ನಡುವೆ ಭಾರ ಹೊರುವವರೇ ಬದಲಾಗಿಬಿಡುತ್ತಾರೆ.

ಬಳಕೆಯ ಕನ್ನಡ ಇದಕ್ಕಿಂತಲೂ ಸಿರಿವಂತ. ಒಲೆಯ ಉರಿಯನ್ನು ಸಣ್ಣ ಮಾಡುತ್ತಾರೆ, ತಂಬೂರಿಯ ಶ್ರುತಿ ಸೇರಿಸುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಉಪ್ಪು ಹುಳಿ ಹದ ಮಾಡುತ್ತಾರೆ. ಕೊಟ್ಟ ಮುಂಗಡವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಲೆಕ್ಕಿಗನ ‘ಅಡ್ಜಸ್ಟ್‌ಮೆಂಟ್’ಗೆ ಅಷ್ಟು ಖಚಿತವಾದ ಕ್ರಿಯಾಪದ ಹಳ್ಳಿಯ ಸಾಲದ ವಹಿವಾಟಿನಲ್ಲೇ ಇತ್ತು. ಬಸ್ಸಿನಲ್ಲಿ ಮೈಸೂರಿನ ಕಡೆಯವರು ‘ಸ್ವಲ್ಪ ಒತ್ತರಿಸಿ’ ಎಂದರೆ, ಉತ್ತರ ಕರ್ನಾಟಕದವರು ‘ಸ್ವಲ್ಪ ಅತ್ತಾಗ ಸರದ ಕೂಡ್ರಿ’ ಎನ್ನುತ್ತಾರೆ. ಮನೆತನದ ಇಕ್ಕಟ್ಟುಗಳಿಗೆ ‘ಸಂಬಾಳಿಸು’ ಇದೆ. ಇದು ಮರಾಠಿಯ ‘ಸಾಂಭಾಳಣೆ’ಯ ನೆಂಟ, ಹಾಗಾಗಿ ರಬಾಳೆಯ ಕನ್ನಡಿಗ ‘ಸಾಂಭಾಳೂನ್ ಘ್ಯಾ’ ಎಂಬ ಮಾತನ್ನು ಅನುವಾದವಿಲ್ಲದೆ ಅರ್ಥಮಾಡಿಕೊಳ್ಳುತ್ತಾನೆ.

ಎಲ್ಲಕ್ಕಿಂತ ಚೆಲುವಾದದ್ದು ‘ಒಗ್ಗು’. ಇಂಗ್ಲಿಷಿನಲ್ಲಿ ಮನುಷ್ಯ ಊರಿಗೆ ಅಡ್ಜಸ್ಟ್ ಆಗುತ್ತಾನೆ. ಕನ್ನಡದಲ್ಲಿ ಊರು ಮನುಷ್ಯನಿಗೆ ಒಗ್ಗುತ್ತದೆ. ನೀರು ಒಗ್ಗಿಲ್ಲ, ಹವೆ ಒಗ್ಗಿಲ್ಲ ಎನ್ನುತ್ತೇವೆ. ಅಲ್ಲಿ ವಲಸೆ ಬಂದವನ ಮೇಲೆ ಇಡೀ ಹೊಣೆ ಬೀಳುವುದಿಲ್ಲ, ಒಗ್ಗಬೇಕಾದದ್ದು ಊರು. ಎರವಲು ಪದ ಕೂಡ ಈ ವ್ಯಾಕರಣಕ್ಕೆ ಬಗ್ಗಿದೆ. ‘ಅವನಿಗೆ ಇನ್ನೂ ಮುಂಬೈ ಅಡ್ಜಸ್ಟ್ ಆಗಿಲ್ಲ’ ಎಂಬ ವಾಕ್ಯದಲ್ಲಿ ಪದ ಮಾತ್ರ ಇಂಗ್ಲಿಷು, ಕಟ್ಟು ಪೂರ್ತಿ ಕನ್ನಡ. ಮಾಡು, ಮಾಡಿಕೊಳ್ಳು, ಆಗು ಎಂಬ ಮೂರು ಕ್ರಿಯೆಗಳನ್ನು ಬೆನ್ನಿಗೆ ಅಂಟಿಸಿ ಕನ್ನಡವು ಒಂದು ‘ಅಡ್ಜಸ್ಟ್’ನಿಂದ ಮೂರು ಅರ್ಥ ಹೊರಡಿಸಿದೆ. ಮಾತನಾಡುವವರ ಈ ಜಾಣ್ಮೆಯನ್ನು ಕೋಶಗಳು ದಾಖಲಿಸಬೇಕು.

ಕೋಶಗಳು ಹೀಗೇಕೆ ಸಾಲುಗಟ್ಟುತ್ತವೆ? ನಮ್ಮ ಹಳೆಯ ನಿಘಂಟುಗಳು ಹುಟ್ಟಿದ್ದೇ ಪದ್ಯದಲ್ಲಿ. ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’ವಾಗಲಿ, 1398ರ ಮಂಗರಾಜನ ನಿಘಂಟಾಗಲಿ ಬಾಯಿಪಾಠಕ್ಕೆ ಒದಗುವಂತೆ ಪರ್ಯಾಯ ಪದಗಳನ್ನು ಛಂದಸ್ಸಿನಲ್ಲಿ ಪೋಣಿಸಿದವು. ಕವಿಗೆ ಅದು ಸಾಕಿತ್ತು. ಅವನಿಗೆ ಬೇಕಿದ್ದುದು ಪ್ರಾಸಕ್ಕೂ ಮಾತ್ರೆಗೂ ಒಗ್ಗುವ ಇನ್ನೊಂದು ಹೆಸರು. ಇಂಗ್ಲಿಷಿನಲ್ಲಿ 1852ರಲ್ಲಿ ಬಂದ ರೋಜೆಯ ಥಿಸಾರಸ್ ಕೂಡ ಬಲ್ಲವರಿಗಾಗಿ ಮಾಡಿದ ಪದಗುಂಪುಗಳೇ. ಆದರೆ 1987ರಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿದ್ಧವಾದ ಕೋಬಿಲ್ಡ್ ನಿಘಂಟು ದಾರಿ ಬದಲಿಸಿತು. ಜನ ನಿಜವಾಗಿ ಬರೆದ, ಆಡಿದ ಮಾತುಗಳ ಸಂಗ್ರಹದಿಂದ ಉದಾಹರಣೆ ತೆಗೆದು, ಅರ್ಥವನ್ನು ಪೂರ್ಣ ವಾಕ್ಯದಲ್ಲಿ ಹೇಳಿತು. ಪದದೊಂದಿಗೆ ಅದರ ಸಂದರ್ಭವೂ ಓದುಗನ ಕೈಗೆ ಬಂತು.

ಕನ್ನಡದಲ್ಲಿ ಆ ದಾರಿ ಇಲ್ಲವೆಂದಲ್ಲ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದು ಹೀಗೆಯೇ: ಪದ ಎಲ್ಲಿಂದ ಬಂತು, ಯಾರು ಹೇಗೆ ಬಳಸುತ್ತಾರೆ, ಎಲ್ಲಿ ಸಲ್ಲುತ್ತದೆ. ಅದು ಪುಸ್ತಕವಾದಾಗ ‘ಸಾಮಾಜಿಕ ನಿಘಂಟು’ ಎಂದು ಕರೆಸಿಕೊಂಡದ್ದು ನ್ಯಾಯವೇ. ಇನ್ನೊಂದು ತುದಿಯಲ್ಲಿ ಡಿ.ಎನ್. ಶಂಕರ ಭಟ್ಟರ ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ಇದೆ. ಕನ್ನಡದ ಬೇರುಗಳಿಂದಲೇ ಪದ ಕಟ್ಟಬಹುದೆಂಬ ಅವರ ವಾದ ವಿಜ್ಞಾನ, ಆಡಳಿತಗಳಂಥ ಪದ ಸಾಲದ ಕಡೆ ಬಲವಾದದ್ದು. ‘ಅಡ್ಜಸ್ಟ್’ನ ತೊಡಕು ಬೇರೆ ಬಗೆಯದು. ಇಲ್ಲಿ ಕನ್ನಡಕ್ಕೆ ಪದಗಳ ಕೊರತೆಯಿಲ್ಲ, ಹೇರಳವಾಗಿವೆ. ಕಾಣೆಯಾಗಿರುವುದು ಆಯ್ಕೆ ಮಾಡುವ ಅಭ್ಯಾಸ.

ಆಯ್ಕೆ ಕೈಬಿಟ್ಟರೆ ನಷ್ಟ ಸೊಗಸಿಗಷ್ಟೇ ಆಗುವುದಿಲ್ಲ. ಶಿಫ್ಟ್ ಮುಗಿಸಿ ಹೊರಟ ಕೆಲಸಗಾರನಿಗೆ ‘ಇವತ್ತೊಂದು ದಿನ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಮಾತು ಎದುರಾಗುತ್ತದೆ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು ಬರೆದಿತ್ತು. ‘ಹೆಚ್ಚಿಗೆ ದುಡಿಯಿರಿ’ ಎಂದರೆ ‘ಎಷ್ಟು ಕೊಡುತ್ತೀರಿ’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಅಡ್ಜಸ್ಟ್’ ಎಂದರೆ ಆ ಪ್ರಶ್ನೆ ಕೇಳುವವನೇ ಒರಟನಂತೆ ಕಾಣುತ್ತಾನೆ. ಚುನಾವಣೆಯ ಕಾಲದ ‘ಅಡ್ಜಸ್ಟ್‌ಮೆಂಟ್ ರಾಜಕೀಯ’ದಲ್ಲಿ ಒಳ ಒಪ್ಪಂದಕ್ಕೆ ಇದೇ ಮುಸುಕು.

ಅತ್ಯಂತ ಕಟುವಾದ ಸಾಕ್ಷಿ ನೆರೆಯ ಕೇರಳದಿಂದ ಬಂತು. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಪರಿಶೀಲಿಸಲು 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಕೆ. ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಬೆಳಕು ಕಂಡಾಗ, ಅಲ್ಲಿನ ಮಹಿಳೆಯರಿಗೆ ಚಿರಪರಿಚಿತವಾದ ಎರಡು ಪದಗಳೆಂದರೆ ‘ಅಡ್ಜಸ್ಟ್‌ಮೆಂಟ್’ ಮತ್ತು ‘ಕಾಂಪ್ರೊಮೈಸ್’ ಎಂಬುದು ಅದರಲ್ಲಿತ್ತು. ಲೈಂಗಿಕ ಶೋಷಣೆಯ ಬೇಡಿಕೆಗೆ ಬೆಂಚಿನ ಮೇಲೆ ಜಾಗ ಕೇಳುವ ಪದವನ್ನೇ ಹೊದಿಸಲಾಗಿತ್ತು. ಕನ್ನಡ ಚಿತ್ರರಂಗದಲ್ಲೂ ಈ ಪದದ ಈ ಅರ್ಥ ಅಪರಿಚಿತವಲ್ಲ. ಇದನ್ನು ‘ಹೊಂದಾಣಿಕೆ’ ಎಂದು ಅನುವಾದಿಸುವ ವರದಿಗಾರ ಸುಳ್ಳಿಗೆ ಎರಡನೆಯ ಮುಸುಕು ಹೊದಿಸುತ್ತಾನೆ. ಅಲ್ಲಿ ಬರೆಯಬೇಕಾದ ಪದ ‘ಬಲವಂತ’.

ಆದ್ದರಿಂದ ಈ ಪದದ ಬಗ್ಗೆ ತೀರ್ಪು ಎರಡಾಗಿ ಒಡೆಯುತ್ತದೆ. ಸಮಾನರ ನಡುವೆ, ಇಂದು ಜಾಗ ಬಿಟ್ಟವನು ನಾಳೆ ಜಾಗ ಕೇಳಬಹುದಾದ ಕಡೆ, ‘ಅಡ್ಜಸ್ಟ್’ ಒಳ್ಳೆಯ ಪದ. ಕನ್ನಡ ಅದನ್ನು ನಾಚಿಕೆಯಿಲ್ಲದೆ ಇಟ್ಟುಕೊಳ್ಳಬಹುದು. ಒಬ್ಬರೇ ಯಾವಾಗಲೂ ಸರಿಯಬೇಕಾದ ಕಡೆ ಅದು ಕೆಟ್ಟ ಪದ. ಅಲ್ಲಿ ಕನ್ನಡದ ಖಚಿತ ಕ್ರಿಯಾಪದಗಳು ಬೇಕೇ ಬೇಕು.

ಕೋಶಕಾರರು ಮಾಡಬೇಕಾದದ್ದೂ ಇದರಿಂದ ಸ್ಪಷ್ಟವಾಗುತ್ತದೆ. ‘ಅಡ್ಜಸ್ಟ್’ ಎಂಬ ನಮೂದನ್ನು ಯಂತ್ರ, ಲೆಕ್ಕ, ಜಾಗ, ಊರು, ಸಂಬಂಧ, ಒತ್ತಾಯ ಎಂದು ವಿಂಗಡಿಸಿ, ಪ್ರತಿಯೊಂದರಡಿ ಆಡುಮಾತಿನ ಒಂದು ವಾಕ್ಯ ಕೊಡಬೇಕು. ‘ಒತ್ತರಿಸು’, ‘ಮುರಿದುಕೊ’, ‘ಒಗ್ಗು’ಗಳಿಗೆ ಯಾವ ಸೀಮೆಯ ಬಳಕೆ ಎಂಬ ಗುರುತಿರಬೇಕು. ಅಂಥ ವಾಕ್ಯಗಳು ಬೆಂಗಳೂರಿನಲ್ಲಷ್ಟೇ ಸಿಗುವುದಿಲ್ಲ. ಮೂರು ನಾಲ್ಕು ಭಾಷೆಗಳ ನಡುವೆ ದಿನವೂ ಕನ್ನಡ ಆಡುವ ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ಮನೆಗಳಲ್ಲಿ, ಅಲ್ಲಿನ ಕನ್ನಡ ಸಂಘಗಳ ಕೂಟಗಳಲ್ಲಿ ಅವನ್ನು ಕಲೆಹಾಕುವ ಕೆಲಸವನ್ನು ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು.