ಬಡಿಸುವವರ ಓಣಿ

ಮದುವೆಯ ಹಿಂದಿನ ಮಧ್ಯಾಹ್ನ ಛತ್ರಕ್ಕೆ ಹೋದರೆ ನಾನು ಮೊದಲು ಇಳಿಯುವುದು ಊಟದ ಹಾಲ್‌ಗೆ. ಮೇಲೆ ಮಂಟಪಕ್ಕೆ ಹೂ ಕಟ್ಟುತ್ತಿರುತ್ತಾರೆ, ಅದನ್ನು ನೋಡಿಕೊಳ್ಳಲು ಬೇಕಾದಷ್ಟು ಜನ. ಕೆಳಗೆ ಮೇಜು ಹಾಕುವ ಹುಡುಗರ ಹತ್ತಿರ ಯಾರೂ ಇರುವುದಿಲ್ಲ. ನಿನ್ನೆಯ ಮದುವೆಗೆ ಹೇಗೆ ಹಾಕಿದ್ದರೋ ಇವತ್ತೂ ಹಾಗೇ ಹಾಕಿ ಹೋಗುತ್ತಾರೆ. ಬಂದವರು ನಾಳೆ ನೆಮ್ಮದಿಯಾಗಿ ಉಣ್ಣುತ್ತಾರೋ, ಉಂಡ ಶಾಸ್ತ್ರ ಮಾಡಿ ಎದ್ದು ಹೋಗುತ್ತಾರೋ ಎನ್ನುವುದು ಅರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

ತಂಗಿಯ ಮಗಳ ಆರತಕ್ಷತೆಗೆ ಊಟದ ಹಾಲ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹಾಲ್ 60 ಅಡಿ ಉದ್ದ, 42 ಅಡಿ ಅಗಲ. ಸಂಜೆ ಏಳರಿಂದ ಶುರು, ಸುಮಾರು 600 ಎಲೆ. ಛತ್ರದವರು ಎಂಟು ಸಾಲು ಮೇಜು ಹಾಕಿಸಿದ್ದರು. ಸಾಲಿಗೆ 24 ಎಲೆ, ಒಟ್ಟು 192. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಅಡುಗೆ ಭಟ್ಟರು ಬಂದು ನೋಡಿ ಏನೂ ಮಾತಾಡಲಿಲ್ಲ. ಎರಡು ಖಾಲಿ ಬಕೆಟ್ ತರಿಸಿ ಒಂದನ್ನು ನನ್ನ ಎಡಗೈಗೆ ಕೊಟ್ಟು, ಬಲಗೈಗೆ ಸೌಟು ಹಿಡಿಸಿದರು. ‘ನೀವು ಆ ಕಡೆಯಿಂದ ಬನ್ನಿ ಸಾರ್, ನಾನು ಈ ಕಡೆಯಿಂದ ಬರ್ತೀನಿ’ ಅಂದರು. ನಡುವಿನಲ್ಲಿ ಎದುರಾದಾಗ ಬಕೆಟ್ಟಿಗೆ ಬಕೆಟ್ ತಾಗಿ ಠಣ್ ಅಂತು. ‘ನಾಳೆ ಇದರಲ್ಲಿ ಕುದಿಯೋ ಸಾರು ಇರತ್ತೆ’ ಅಂದರು.

ಅಲ್ಲಿಯವರೆಗೆ ನಾನು ನೂರಾರು ಮದುವೆ ಊಟ ಉಂಡಿದ್ದರೂ, ಬಡಿಸುವವನು ಯಾವ ಕೈಯಲ್ಲಿ ಏನು ಹಿಡಿಯುತ್ತಾನೆಂದು ಗಮನಿಸಿರಲಿಲ್ಲ. ಬಕೆಟ್ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ. ಹಾಗಾಗಿ ಎಲೆ ಸದಾ ಅವನ ಬಲಕ್ಕೇ ಇರಬೇಕು. ಎದುರುಬದುರು ಎರಡು ಸಾಲು, ನಡುವೆ ಓಣಿ. ಒಂದು ಸಾಲನ್ನು ಬಲಕ್ಕೆ ಹಿಡಿದು ಹೋಗುತ್ತಾನೆ, ಕೊನೆಯಲ್ಲಿ ತಿರುಗಿ ಇನ್ನೊಂದನ್ನು ಬಲಕ್ಕೆ ಹಿಡಿದು ಬರುತ್ತಾನೆ, ಹೊರಟ ಜಾಗಕ್ಕೇ ಬಂದು ಮುಟ್ಟುತ್ತಾನೆ. ಅವನ ಹಿಂದೆ ಪಲ್ಯದವನು, ಅವನ ಹಿಂದೆ ಗೊಜ್ಜಿನವನು. ಹೋಗುವವನೂ ಬರುವವನೂ ದಾಟುವಾಗ ಇಬ್ಬರ ಎಡಗೈಯೂ ಓಣಿಯ ಮಧ್ಯದಲ್ಲೇ ಇರುತ್ತದೆ. ಎರಡು ಬಕೆಟ್ ಒಂದನ್ನೊಂದು ಸವರದೆ ದಾಟಲು ನಾಲ್ಕು ಅಡಿ ಬೇಕು. ಎಂಟು ಸಾಲು ತುರುಕಿದ್ದರಿಂದ ನಮಗೆ ಉಳಿದದ್ದು ಎರಡೂವರೆ ಅಡಿ. ಕುರ್ಚಿಗಳ ಬೆನ್ನ ಹಿಂದೆ ಒಂದೇ ಅಡಿ.

ಕೆಲವು ವರ್ಷಗಳ ಹಿಂದೆ ಇಂಥದೇ ಇಕ್ಕಟ್ಟಿನ ಓಣಿಯಲ್ಲಿ ಬಿಸಿ ಹುಳಿಯ ಬಕೆಟ್ ಜಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಚೆಲ್ಲಿದ್ದು ಒಬ್ಬ ಹಿರಿಯರ ತೋಳಿನ ಮೇಲೆ. ಎಲ್ಲರೂ ಬಡಿಸುವ ಹುಡುಗನನ್ನು ಬೈದರು. ತಪ್ಪು ಅವನದಾಗಿರಲಿಲ್ಲ, ಮೇಜು ಹಾಕಿಸಿದವರದು.

ಭಟ್ಟರು ಬಕೆಟ್ ಹಿಡಿಸಿದ ಆ ಮಧ್ಯಾಹ್ನವೇ ಎರಡು ಸಾಲು ತೆಗೆಸಿದೆವು. ಲೆಕ್ಕ ಹೀಗೆ ಕೂತಿತು: ಬಡಿಸುವ ಓಣಿ 4 ಅಡಿ, ಅದರ ಎರಡೂ ಬದಿಗೆ ಒಂದೂವರೆ ಅಡಿ ಅಗಲದ ಮೇಜು, ಕೂರುವುದಕ್ಕೆ ಎರಡೆರಡು ಅಡಿ, ಬೆನ್ನ ಹಿಂದೆ ಓಡಾಡಲು 3 ಅಡಿ. ಒಟ್ಟು 14 ಅಡಿ. 42 ಅಡಿಯಲ್ಲಿ ಇಂಥವು ಮೂರು, ಅಂದರೆ ಆರು ಸಾಲು. ಉದ್ದದಲ್ಲಿ ಎರಡು ತುದಿಗೂ ನಡುವಿಗೂ ನಾಲ್ಕು ನಾಲ್ಕು ಅಡಿ ಬಿಟ್ಟರೆ ಉಳಿಯುವ 48 ಅಡಿಗೆ ಆರಡಿಯ ಮೇಜು ಎಂಟು, ಮೇಜಿಗೆ ಮೂರು ಎಲೆ. ಒಟ್ಟು 144 ಎಲೆ.

‘ನಲವತ್ತೆಂಟು ಜಾಗ ಕಳಕೊಂಡ್ಯಲ್ಲೋ ಅಣ್ಣಾ’ ಎಂದು ತಂಗಿ ಗಾಬರಿಯಾದಳು. ಕೂರಿಸಿ ಹೇಳಿದೆ. ಆರು ಸಾಲಿದ್ದರೆ ಐದು ಪಂಕ್ತಿ ಆಗುತ್ತದೆ, ಬಡಿಸುವವರು ಸಲೀಸಾಗಿ ಓಡಾಡುವುದರಿಂದ ಎಲೆ ಎತ್ತಿ ಮೇಜು ಒರೆಸುವುದೂ ಸೇರಿ ಪಂಕ್ತಿಗೆ 40 ನಿಮಿಷ. ಎಂಟು ಸಾಲಿದ್ದರೆ ನಾಲ್ಕೇ ಪಂಕ್ತಿ, ಆದರೆ ಒಬ್ಬ ದಾಟುವವರೆಗೆ ಇನ್ನೊಬ್ಬ ನಿಲ್ಲಬೇಕು, ಉಂಡವರು ಏಳಲು ಪಕ್ಕದವರೂ ಏಳಬೇಕು. ಪಂಕ್ತಿಗೆ 50 ನಿಮಿಷಕ್ಕೆ ಕಡಿಮೆಯಾಗುವುದನ್ನು ನಾನು ನೋಡಿಲ್ಲ. ಹೇಗೆ ಲೆಕ್ಕ ಹಾಕಿದರೂ 200 ನಿಮಿಷವೇ. ಹೊತ್ತು ಅಷ್ಟೇ ಆಗುವುದಾದರೆ ಜನ ಮೊಣಕೈ ಬಿಚ್ಚಿ ಉಣ್ಣಲಿ.

ನೆಲದ ಮೇಲೆ ಚಾಪೆ ಹಾಸಿ ಎಲೆ ಹಾಕುತ್ತಿದ್ದ ಕಾಲದಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಉಡುಪಿಯ ಕೃಷ್ಣಮಠದ ಭೋಜನಶಾಲೆಯಲ್ಲಿ ನೆಲದ ಪಂಕ್ತಿಗೆ ಕೂತು ಉಂಡವರು ನೆನಪು ಮಾಡಿಕೊಳ್ಳಿ. ಬಡಿಸುವವರು ಬಗ್ಗಿಕೊಂಡೇ ಓಡುತ್ತಾರೆ, ಯಾರ ಎಲೆಯನ್ನೂ ತುಳಿಯುವುದಿಲ್ಲ. ಸಾಲುಗಳ ನಡುವೆ ಅವರ ಕಾಲಿಗೆ ಜಾಗ ಬಿಟ್ಟಿರುವುದರಿಂದ ಅದು ಸಾಧ್ಯ.

ಈಗ ದೊಡ್ಡ ಹೋಟೆಲುಗಳಲ್ಲಿ ಆರತಕ್ಷತೆ ಮಾಡುವವರು ಎಲೆ ಊಟವನ್ನೂ ದುಂಡು ಮೇಜಿನ ಮೇಲೆ ಹಾಕಿಸುತ್ತಾರೆ. ತಟ್ಟೆ ಊಟಕ್ಕೆ ಅದು ಒಪ್ಪುತ್ತದೆ, ಎಂಟು ಜನ ಮುಖ ನೋಡಿಕೊಂಡು ಮಾತಾಡಬಹುದು. ಎಲೆಗೆ ಮಾತ್ರ ಒಗ್ಗುವುದಿಲ್ಲ. ಐದಡಿ ವ್ಯಾಸದ ಮೇಜಿಗೆ ಎಂಟು ಜನ ಕೂತರೆ ಅಂಚಿನಲ್ಲಿ ತಲೆಗೆ ಹತ್ತಿರ ಹತ್ತಿರ ಎರಡು ಅಡಿ ಸಿಗುತ್ತದೆ. ಒಂದಡಿ ಒಳಕ್ಕೆ ಹೋದರೆ ಒಂದೂಕಾಲು ಅಡಿಯೂ ಇಲ್ಲ. ಎಲೆಯ ಆ ಮೇಲ್ಭಾಗದಲ್ಲೇ ಕೋಸಂಬರಿ, ಪಲ್ಯ, ಗೊಜ್ಜು ಬೀಳಬೇಕು. ನಿಮ್ಮ ಎಲೆಯ ತುದಿ ಎಡಗಡೆಯವರ ಎಲೆಯ ಮೇಲೆ ಹತ್ತುತ್ತದೆ. ಬಡಿಸುವವನು ಬೆನ್ನ ಹಿಂದಿನಿಂದ, ಹೆಗಲ ಮೇಲಿನಿಂದ ಸೌಟು ಚಾಚಬೇಕು. ಎದುರಿಗೆ ನಿಂತರೆ ತಾನೇ ‘ಇನ್ನೊಂದು ಹೋಳಿಗೆ’ ಎಂದು ಮುಖ ನೋಡಿ ಒತ್ತಾಯ ಮಾಡಲು ಸಾಧ್ಯ? ಬೆನ್ನ ಹಿಂದೆ ನಿಂತು ಯಾರೂ ವಿಚಾರಣೆ ಮಾಡಲಾರರು.

ಇನ್ನು ಬೀಗರನ್ನು ಎಲ್ಲಿ ಕೂರಿಸುವುದು. ಮರ್ಯಾದೆ ಎಂದು ಅಡುಗೆಮನೆ ಬಾಗಿಲ ಮುಂದೆಯೇ ಮೊದಲ ಎಲೆ ಹಾಕಿಸುವವರಿದ್ದಾರೆ. ಅಲ್ಲಿ ಒಲೆಯ ಝಳ, ಪಾತ್ರೆ ಸದ್ದು, ಬಕೆಟ್ ತುಂಬಿಸಿಕೊಳ್ಳುವವರ ನೂಕುನುಗ್ಗಲು. ತೀರಾ ತುದಿಗೆ ಹಾಕಿದರೆ ತುಪ್ಪದ ಗಿಂಡಿ ಬರುವ ಹೊತ್ತಿಗೆ ಅನ್ನ ಆರಿರುತ್ತದೆ. ನಡುವಿನ ಓಣಿಯಲ್ಲಿ ಬಾಗಿಲಿನಿಂದ ನಾಲ್ಕನೆಯ ಮೇಜಿನ ಆಸುಪಾಸು ನನ್ನ ಆಯ್ಕೆ. ಮಂಡಿನೋವಿನ ಹಿರಿಯರಿಗೆ ಸಾಲಿನ ತುದಿ, ಅದೂ ಕೈತೊಳೆಯುವ ಕಡೆಯ ತುದಿ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಉಣ್ಣುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಬಂದು ನಿಲ್ಲುವುದನ್ನು ಕಂಡಾಗ. ಮಜ್ಜಿಗೆ ಅನ್ನ ಕಲಸುತ್ತಿರುವವರ ಕೈ ತಾನಾಗಿ ಅವಸರ ಮಾಡುತ್ತದೆ. ನಿಂತವರದೂ ತಪ್ಪಿಲ್ಲ, ಹೆಗಲ ಮೇಲೆ ನಿದ್ದೆಗೆ ಜಾರುತ್ತಿರುವ ಮಗು ಇರುತ್ತದೆ, ಕೊನೆಯ ಬಸ್ಸು ಹೊರಡುತ್ತಿರುತ್ತದೆ. ಇದಕ್ಕೂ ಪರಿಹಾರ ಮೇಜು ಹಾಕುವಾಗಲೇ ಆಗಬೇಕು. ಒಂದು ಬಾಗಿಲು ಬರುವುದಕ್ಕೆ, ಕೈತೊಳೆಯುವ ಕಡೆಯ ಬಾಗಿಲು ಹೋಗುವುದಕ್ಕೆ. ನಮ್ಮ ಹಾಲ್‌ನಲ್ಲಿ ತೆಗೆಸಿದ ಎರಡು ಸಾಲಿನ ಕುರ್ಚಿಗಳು ಹೊರಗಿನ ಪಡಸಾಲೆಗೆ ಹೋದವು. ಕಾಯುವವರು ಅಲ್ಲಿ ಕೂತರು, ಹೊಸ ಎಲೆ ಹಾಕಿ ನೀರು ಚಿಮುಕಿಸಿದ ಮೇಲೆಯೇ ಬಾಗಿಲು ತೆಗೆಯಿತು. ಭಾವನವರು ಖುದ್ದಾಗಿ ಬಾಗಿಲಲ್ಲಿ ನಿಂತು ‘ಬನ್ನಿ, ಎಲೆಗೆ ಬನ್ನಿ’ ಎಂದು ಕರೆದರು.

ರಾತ್ರಿ ಹತ್ತೂವರೆಗೆ ಕೊನೆಯ ಪಂಕ್ತಿ. ಭಟ್ಟರು, ಬಡಿಸಿದ ಹುಡುಗರು, ಎಲೆ ಎತ್ತಿದ ಹೆಂಗಸರು ಕೂತರು. ಬಡಿಸಿದವರು ನಾವು. ಸಾರಿನ ಬಕೆಟ್ ನನ್ನ ಕೈಗೆ ಬಂತು. ಹತ್ತು ಲೀಟರ್ ಬಕೆಟ್ಟನ್ನು ಮುಕ್ಕಾಲು ತುಂಬಿಸಿ ಕೊಟ್ಟಿದ್ದರು, ಹಗ್ಗದಂತೆ ಬೆರಳು ಕೊಯ್ಯಿತು. ಎದುರಿನಿಂದ ಭಾವ ಹುಳಿ ಹಿಡಿದು ಬರುತ್ತಿದ್ದರು. ನಾನು ಮೈ ಹಿಡಿ ಮಾಡಿಕೊಂಡೆ, ಅವರೂ ಮಾಡಿಕೊಂಡರು. ಬಕೆಟ್ಟುಗಳ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಎಲೆಯ ಮುಂದೆ ಕೂತಿದ್ದ ಭಟ್ಟರು ಅನ್ನದ ಗುಂಡಿಗೆ ಕೈ ಅಡ್ಡ ಹಿಡಿದು ನಕ್ಕರು: ‘ಸಾಕು ಸಾರ್, ಸಾಕು. ಮುಂದೆ ನಡೀರಿ.’